ನೀರು ಹರಿದ ಕಡೆಗೆ ಪೇಟೆ: ವಿಜಾಪುರದ ಪುರಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಓದಲೆಂದು ವಿಜಾಪುರಕ್ಕೆ (2014ರಿಂದ ಇದು ವಿಜಯಪುರ) ಬರುವವರ ಕಣ್ಣಿಗೆ ಮೊದಲು ಬೀಳುವುದು ಗೋಳಗುಮ್ಮಟ. ಅದು ಸುಲ್ತಾನನ ಸಮಾಧಿ. ಹಾಗಾದರೆ ಜನ ಬದುಕಿದ್ದು ಎಲ್ಲಿ?

ಒಂದನೆಯ ಅಲಿ ಆದಿಲಶಾಹನ ಕಾಲದ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಅದರ ಅಗಸಿಗಳ ಹೆಸರುಗಳನ್ನು ಗಮನಿಸಿ. ಬಾಗೇವಾಡಿ ಸೀಮೆಯ ಮನಗೂಳಿಯ ಹೆಸರನ್ನೇ ಒಂದು ಅಗಸಿ ಹೊತ್ತಿತ್ತು. ಔರಂಗಜೇಬ ಗೆದ್ದು ಒಳಬಂದ ಮೇಲೆ ಅದು ಫತೇ ದರವಾಜೆಯಾಯಿತು. ನಡುವಿನ ಅರಕಿಲ್ಲೆಯಲ್ಲಿ ಅರಮನೆಗಳಿದ್ದವು. ಗೋಡೆಯಾಚೆ, ಪೂರ್ವಕ್ಕೆ ಐನ್-ಉಲ್-ಮುಲ್ಕ್ ಎಂಬ ಸರದಾರನ ಹೆಸರಿನ ಐನಾಪುರ. ವಾಯವ್ಯಕ್ಕೆ ದೊಡ್ಡ ಉಪನಗರ ಶಹಾಪುರ.

ಅಕ್ಬರನ ರಾಯಭಾರಿಯಾಗಿ 17ನೇ ಶತಮಾನದ ಆರಂಭದಲ್ಲಿ ಬಂದ ಅಸದ್ ಬೇಗ್ ಇಲ್ಲಿನ ಪೇಟೆಯನ್ನು ಕಂಡು ಬೆರಗಾದ. ಸುಮಾರು ಎರಡು ಹರದಾರಿ ಉದ್ದದ ಬೀದಿ, ಅಂಗಡಿಗೊಂದು ಹಸಿರು ಮರ. ಅಕ್ಕಸಾಲಿ, ಆಯುಧ, ರೊಟ್ಟಿ, ಮದ್ಯ ಎಲ್ಲದಕ್ಕೂ ಬೇರೆ ಬೇರೆ ಸಾಲು. ಅಕ್ಬರನಿಗೆ ಹೊಗೆಸೊಪ್ಪಿನ ಪರಿಚಯ ಮಾಡಿಸಿದವನೂ ಇವನೇ, ಅದೂ ಇಲ್ಲಿಂದ ಒಯ್ದು!

ದೊಡ್ಡ ಪುರಗಳು ಪಶ್ಚಿಮದ ಕಡೆಗೇ ಬೆಳೆದದ್ದೇಕೆ? ನನಗೆ ತೋರುವಂತೆ ಮುಖ್ಯ ಕಾರಣ ನೀರು. ಮಳೆ ಕಡಿಮೆಯ ಈ ನಾಡಿನಲ್ಲಿ ತೊರವಿಯ ನೀರು ನೆಲದಡಿಯ ಸುರಂಗದಲ್ಲಿ ಪಶ್ಚಿಮದಿಂದ ಊರಿಗೆ ಬರುತ್ತಿತ್ತು. 1620ರ ತಾಜ್ ಬಾವಡಿಯೂ ಆ ದಿಕ್ಕಿನ ಮಕ್ಕಾ ದರವಾಜೆಯ ಬಳಿಯೇ ಇದೆ. 1651ರಲ್ಲಿ ದಕ್ಷಿಣದ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳನ್ನು ಹಾಕಿದರು. ನೀರಿನ ಒತ್ತಡ ತಗ್ಗಿಸಿ, ಹೂಳು ತಳಕ್ಕಿಳಿಯುವಂತೆ ಮಾಡಲು ದಾರಿಯಲ್ಲಿ ಕಟ್ಟಿದ ಗೋಪುರಗಳೇ ‘ಗಂಜ್’ಗಳು.

ಆದರೆ ನೀರೊಂದೇ ಸಾಲದು. ಸಂಗೀತಪ್ರಿಯ ಎರಡನೆಯ ಇಬ್ರಾಹಿಂ 1599ರಲ್ಲಿ ತೊರವಿಯ ಬಳಿ ನವರಸಪುರವನ್ನು ಆಜ್ಞೆ ಕೊಟ್ಟು ಕಟ್ಟಿಸಲು ತೊಡಗಿದ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಮಾಡಿದ. ಅದು ಮತ್ತೆ ಊರಾಗಿ ಏಳಲಿಲ್ಲ. 1686ರಲ್ಲಿ ರಾಜ್ಯವೇ ಹೋದಾಗ ಉಳಿದ ಪುರಗಳೂ ಬರಿದಾಗತೊಡಗಿದವು.

1880ರ ದಶಕದಲ್ಲಿ ರೈಲು ಬಂತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ನಿಲ್ದಾಣ ಗೋಳಗುಮ್ಮಟದ ಬಳಿ ಆದ್ದರಿಂದ, ಪಶ್ಚಿಮಕ್ಕೆ ಮುಖಮಾಡಿದ್ದ ಊರು ಪೂರ್ವಕ್ಕೂ ಹೊರಳಿತು. ಅರಕಿಲ್ಲೆಯ ಅರಮನೆಗಳಲ್ಲಿ ಕಚೇರಿಗಳು ಕುಳಿತವು. ಚೀನಿ ಮಹಲಿನಲ್ಲಿ ಜನ ಅರ್ಜಿ ಹಿಡಿದು ನಿಂತದ್ದು ಸುಲ್ತಾನರ ಅರಮನೆಯಲ್ಲಿ. ಶಹಾಪುರ, ಐನಾಪುರ ಎಂಬ ಹೆಸರುಗಳು ಜನರ ಬಾಯಲ್ಲಿ ಉಳಿದಿವೆ; ಗಂಜ್‌ಗಳು ಅಲ್ಲಲ್ಲಿ ಇನ್ನೂ ನಿಂತಿವೆ.