ವಾಣಿಜ್ಯ ಕಟ್ಟಡ ಕಾಮಗಾರಿಯ ಯೋಜನೆ: ನಿವೇಶನ ಮತ್ತು ಸಾಗಣೆ

ಕಚೇರಿ ಸಂಕೀರ್ಣ, ಮಾಲ್, ಹೋಟೆಲ್, ಆಸ್ಪತ್ರೆ, ಗೋದಾಮು ಮೊದಲಾದ ಕಟ್ಟಡಗಳ ಕಾಮಗಾರಿಯನ್ನು ನಿವೇಶನದ ಮಣ್ಣು, ನೀರು, ಮಳೆ, ನೆರೆಹೊರೆ ಹಾಗೂ ಸಾಮಗ್ರಿ ಬಂದು ಸೇರುವ ದಾರಿಗೆ ಹೊಂದಿಸಿ ಮುಂಚಿತವಾಗಿ ರೂಪಿಸುವ ಕ್ರಮ. ಒಂದೇ ನಕ್ಷೆಯ ಕಟ್ಟಡ ಮಂಗಳೂರಿನಲ್ಲಿ ಒಂದು ಬಗೆಯ ವೇಳಾಪಟ್ಟಿ ಬೇಡುತ್ತದೆ, ವಿಜಯಪುರದಲ್ಲಿ ಇನ್ನೊಂದು ಬಗೆಯದು, ಬೆಂಗಳೂರಿನ ನಡುಪೇಟೆಯಲ್ಲಿ ಮತ್ತೊಂದು. ಕಾಮಗಾರಿಯ ಅವಧಿ ಮತ್ತು ವೆಚ್ಚವನ್ನು ನಿರ್ಧರಿಸುವಲ್ಲಿ ನಕ್ಷೆಯಷ್ಟೇ ಪಾತ್ರ ನೆಲಕ್ಕೂ ರಸ್ತೆಗೂ ಇದೆ.

ಹಿನ್ನೆಲೆ

ಈ ಬಗೆಯ ಯೋಜನೆಗೆ ಪ್ರಸಿದ್ಧ ನಿದರ್ಶನ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ. 102 ಅಂತಸ್ತಿನ ಈ ಕಟ್ಟಡದ ಕೆಲಸ 1930ರ ಮಾರ್ಚ್ 17ರಂದು ಆರಂಭವಾಗಿ 1931ರ ಮೇ 1ರಂದು ಉದ್ಘಾಟನೆಯಾಯಿತು. ನಿವೇಶನವಿದ್ದದ್ದು ಐದನೇ ಅವೆನ್ಯೂ ಮತ್ತು 34ನೇ ಬೀದಿ ಸೇರುವ ಜನನಿಬಿಡ ಜಾಗದಲ್ಲಿ. ಬೀದಿಯಲ್ಲಿ ಸಾಮಗ್ರಿ ರಾಶಿ ಹಾಕುವಂತಿರಲಿಲ್ಲ. ಗುತ್ತಿಗೆದಾರರಾದ ಸ್ಟಾರೆಟ್ ಬ್ರದರ್ಸ್ ಅಂಡ್ ಎಕೆನ್ ಸಂಸ್ಥೆ ಈ ಕೊರತೆಯನ್ನೇ ಯೋಜನೆಯ ತಳಹದಿ ಮಾಡಿಕೊಂಡಿತು. ಪೆನ್ಸಿಲ್ವೇನಿಯದಲ್ಲಿ ತಯಾರಾದ ಉಕ್ಕಿನ ತೊಲೆಗಳು ಜೋಡಣೆಯ ಜಾಗವನ್ನು ಸೂಚಿಸುವ ಗುರುತು ಹೊತ್ತು ನ್ಯೂಜೆರ್ಸಿಯ ಅಂಗಳಕ್ಕೆ ಬರುತ್ತಿದ್ದವು. ಅಲ್ಲಿಂದ ಬೇಕಾದ ಹೊತ್ತಿಗೆ ಬೇಕಾದಷ್ಟೇ ನಿವೇಶನ ಸೇರುತ್ತಿದ್ದವು. ಸುಮಾರು ಒಂದು ಕೋಟಿ ಇಟ್ಟಿಗೆಗಳನ್ನು ಲಾರಿಯಿಂದ ನೇರವಾಗಿ ನೆಲಮಾಳಿಗೆಯ ತೊಟ್ಟಿಗೆ ಸುರಿದು, ಅಲ್ಲಿಂದ ಬಂಡಿಗೆ ತುಂಬಿ ಮೇಲಕ್ಕೆತ್ತಲಾಯಿತು. ಅಂತಸ್ತುಗಳಲ್ಲಿ ಹಾಸಿದ ಕಿರು ಹಳಿಗಳ ಮೇಲೆ ಆ ಬಂಡಿಗಳು ಗಾರೆಯವರ ಬಳಿಗೇ ಹೋಗುತ್ತಿದ್ದವು.

ನೆಲದ ಪರೀಕ್ಷೆ

ಮೊದಲ ಹೆಜ್ಜೆ ಕೊಳವೆ ಕೊರೆದು ಮಣ್ಣು, ಬಂಡೆ ಮತ್ತು ಅಂತರ್ಜಲದ ಮಟ್ಟ ತಿಳಿಯುವುದು. ಭಾರತದಲ್ಲಿ ಇದಕ್ಕೆ ಐಎಸ್ 1892 ಸಂಹಿತೆ ಮಾರ್ಗದರ್ಶಿ. ಕರ್ನಾಟಕದಲ್ಲಿ ನೆಲ ಪ್ರದೇಶದಿಂದ ಪ್ರದೇಶಕ್ಕೆ ತೀರ ಬೇರೆ. ಉತ್ತರದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಸಾಮಾನ್ಯ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಇಂಥ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಅಗಲವಾದ ಅಂಡರ್‌ರೀಮ್ಡ್ ಪೈಲ್ ವಿಧಾನವನ್ನು ಬೆಳೆಸಿತು. ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ ಮೆತ್ತನೆಯ ಜೇಡಿ ಸಿಗಬಹುದು. ಬೆಂಗಳೂರಿನ ಕೆಂಪು ಮಣ್ಣಿನಡಿ ಇರುವುದು ಗಟ್ಟಿಯಾದ ನೈಸ್ ಬಂಡೆ. ಲಾಲ್‌ಬಾಗಿನಲ್ಲಿ ಹೊರಗೆ ಕಾಣುವುದೂ ಅದೇ. ಜನವಸತಿಯ ನಡುವೆ ಸಿಡಿಮದ್ದಿಗೆ ಅನುಮತಿ ಸಿಗುವುದು ಕಷ್ಟವಾದ್ದರಿಂದ ಬ್ರೇಕರ್ ಇಟ್ಟು ಒಡೆಯಬೇಕು ಅಥವಾ ವೈರ್ ಸಾ ಹಾಕಿ ಕೊಯ್ಯಬೇಕು. ನೆಲಮಾಳಿಗೆಯ ಅಗೆತಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಿವೇಶನದ ಹಿಂದಿನ ರೂಪವನ್ನೂ ಹಳೆಯ ಕಂದಾಯ ನಕ್ಷೆಗಳಲ್ಲಿ ನೋಡಬೇಕು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯಂಗಳ ಮತ್ತು ರಾಜಕಾಲುವೆಯ ಪಕ್ಕದ ನೆಲದಲ್ಲಿ ಹೂಳು ಹೆಚ್ಚು, ನೀರು ಮೇಲೆಯೇ ಸಿಗುತ್ತದೆ. ಅಲ್ಲಿ ಅಗೆತದ ಬದಿಗಳಿಗೆ ಆಸರೆ ಕೊಡದಿದ್ದರೆ ಮಣ್ಣು ಕುಸಿದು ಕಾರ್ಮಿಕರ ಪ್ರಾಣಕ್ಕೇ ಸಂಚಕಾರ. ಆಸರೆಯ ಖರ್ಚನ್ನು ಉಳಿತಾಯದ ಬಾಬತ್ತಾಗಿ ಎಂದೂ ಪರಿಗಣಿಸಬಾರದು.

ಮಳೆ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದು ಕಡಿಮೆ. ಅಲ್ಲಿ ಪಾಯ ಮತ್ತು ನೆಲಮಾಳಿಗೆಯ ಕೆಲಸ ಮೇ ತಿಂಗಳೊಳಗೆ ಮುಗಿದು, ಮಳೆಗಾಲಕ್ಕೆ ಒಳಗಿನ ಕೆಲಸ ಉಳಿಯುವಂತೆ ಯೋಜಿಸುವುದು ವಾಡಿಕೆ. ಬೆಂಗಳೂರಿನಲ್ಲಿ ಹೆಚ್ಚು ಮಳೆಯಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಹೀಗಾಗಿ ಒಂದೇ ಸಂಸ್ಥೆ ಎರಡೂ ಊರಿನಲ್ಲಿ ಕಟ್ಟುವಾಗ ಒಂದೇ ವೇಳಾಪಟ್ಟಿ ನಡೆಯದು.

ಸಾಗಣೆಯ ದಾರಿ

ಸಿಮೆಂಟಿಗೆ ವಾಡಿ, ಸೇಡಂ, ಮಳಖೇಡದ ಸುಣ್ಣಕಲ್ಲಿನ ಸೀಮೆ, ಉಕ್ಕಿಗೆ ತೋರಣಗಲ್ಲು ರಾಜ್ಯದ ಮುಖ್ಯ ಮೂಲಗಳು. ಹೊರದೇಶದ ಲಿಫ್ಟ್, ಗಾಜು ಮುಂತಾದವು ಚೆನ್ನೈ ಬಂದರಿನಿಂದ ಕಂಟೇನರಿನಲ್ಲಿ ವೈಟ್‌ಫೀಲ್ಡ್ ಒಣ ಬಂದರಿಗೆ ಬರುತ್ತವೆ. ಕರಾವಳಿ ಮತ್ತು ಒಳನಾಡಿನ ನಡುವಣ ಸಾಗಣೆಗೆ ಘಾಟಿಗಳೇ ಇಕ್ಕಟ್ಟಿನ ಜಾಗ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತು. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳು ಭಾರೀ ಲಾರಿಗಳಿಗೆ ಒಗ್ಗುವಂಥವಲ್ಲ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಅಗತ್ಯದ ದಾಸ್ತಾನು, ಬದಲಿ ದಾರಿಯ ದೂರ ಮತ್ತು ಬಾಡಿಗೆ ಯೋಜನೆಯಲ್ಲಿ ಸೇರಿರಬೇಕು.

ಊರೊಳಗಿನ ಕೊನೆಯ ಮೈಲಿ ಇನ್ನೂ ಬಿಗಿ. ಕಬ್ಬಿಣದ ಕಂಬಿಗಳು ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತವೆ. ಅಷ್ಟುದ್ದದ ಟ್ರೈಲರ್ ಅಡ್ಡರಸ್ತೆಗೆ ತಿರುಗೀತೇ, ಮೆಟ್ರೊ ಕಂಬ, ಮರದ ಕೊಂಬೆ, ವಿದ್ಯುತ್ ತಂತಿ, ರೈಲ್ವೆ ಕೆಳಸೇತುವೆ ಅಡ್ಡ ಬರುತ್ತವೆಯೇ ಎಂದು ಹೋಗಿ ಅಳೆದು ನೋಡಬೇಕು. ದಟ್ಟಣೆಯ ವೇಳೆ ಭಾರೀ ವಾಹನಗಳಿಗೆ ಸಂಚಾರ ಪೊಲೀಸರ ನಿರ್ಬಂಧವಿರುವುದರಿಂದ ಸಾಮಗ್ರಿ ಹೆಚ್ಚಾಗಿ ರಾತ್ರಿಯೇ ಬರುತ್ತದೆ. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬೆಲ್ ಮಿತಿ. ಲಾರಿಗೆ ರಾತ್ರಿಯೇ ದಾರಿ, ನೆರೆಯವರಿಗೆ ರಾತ್ರಿಯೇ ನಿದ್ದೆ. ಎರಡನ್ನೂ ಸರಿತೂಗಿಸುವುದು ಯೋಜಕರ ಹೊಣೆ.

ಕಾಂಕ್ರೀಟಿನ ಲೆಕ್ಕ

ಸಾಗಣೆ ಎಷ್ಟು ನಿರ್ಣಾಯಕವೆಂಬುದು ಸಿದ್ಧ ಕಾಂಕ್ರೀಟಿನಲ್ಲಿ ಸ್ಪಷ್ಟ. ಐಎಸ್ 4926ರಂತೆ ಮಿಕ್ಸರಿಗೆ ತುಂಬಿದ 2 ಗಂಟೆಯೊಳಗೆ ಕಾಂಕ್ರೀಟನ್ನು ಇಳಿಸಬೇಕು. ಗಡಸಾಗುವುದನ್ನು ತಡೆಯುವ ರಾಸಾಯನಿಕ ಬೆರೆಸಿದರೆ ಮಾತ್ರ ಅವಧಿ ಹಿಗ್ಗೀತು. 300 ಘನ ಮೀಟರಿನ ರಾಫ್ಟ್ ಪಾಯ ಹಾಕಬೇಕಿದೆ ಎನ್ನೋಣ. ಒಂದು ಲಾರಿಗೆ 6 ಘನ ಮೀಟರಿನಂತೆ 50 ಸರದಿ. ಪಂಪು ಗಂಟೆಗೆ 30 ಘನ ಮೀಟರ್ ಸುರಿದರೆ 12 ನಿಮಿಷಕ್ಕೊಂದು ಲಾರಿ ನಿಂತಿರಬೇಕು. ಕೆಲಸಕ್ಕೆ 10 ಗಂಟೆ. ತುಂಬಿ, ಬಂದು, ಸುರಿದು, ಮರಳಲು ಒಂದೂವರೆ ಗಂಟೆಯಾದರೆ 8 ಲಾರಿ ಸಾಕು; ದಟ್ಟಣೆಯಲ್ಲಿ ಅದು ಎರಡೂವರೆ ಗಂಟೆಯಾದರೆ 13 ಬೇಕು. ಲಾರಿ ತಡವಾದರೆ ಹಳೆಯ ಪದರ ಬಿಗಿದು ಹೊಸದು ಬೆಸೆಯದೆ ಕೋಲ್ಡ್ ಜಾಯಿಂಟ್ ಉಳಿಯುತ್ತದೆ. ಮುಂದೆ ನೀರು ಜಿನುಗುವುದು ಅಲ್ಲಿಂದಲೇ.

ಅಗೆದ ಮಣ್ಣಿಗೂ ಇಂಥದೇ ಲೆಕ್ಕ. 50 ಮೀಟರ್ ಉದ್ದ, 40 ಮೀಟರ್ ಅಗಲ, 8 ಮೀಟರ್ ಆಳದ ನೆಲಮಾಳಿಗೆಯ ಮಣ್ಣು 16,000 ಘನ ಮೀಟರ್. ಅಗೆದಾಗ ಅದು ಕಾಲುಭಾಗ ಉಬ್ಬಿದರೆ 20,000. 10 ಘನ ಮೀಟರಿನ ಟಿಪ್ಪರಿನಲ್ಲಿ 2,000 ಸರದಿ. ಸುರಿಯಲು ಅನುಮತಿಯಿರುವ ಜಾಗ ಗೊತ್ತಾಗದೆ ಅಗೆತ ಶುರು ಮಾಡುವಂತಿಲ್ಲ.

ನಿವೇಶನದ ಒಳವ್ಯವಸ್ಥೆ

ಒಳಬರುವ ಮತ್ತು ಹೊರಹೋಗುವ ಗೇಟು ಬೇರೆಬೇರೆಯಾಗಿದ್ದರೆ ಲಾರಿ ರಸ್ತೆಯಲ್ಲಿ ಹಿಮ್ಮುಖವಾಗಿ ಚಲಿಸುವ ಅಪಾಯ ತಪ್ಪುತ್ತದೆ. ಟವರ್ ಕ್ರೇನಿನ ತೋಳು ಸಾಮಗ್ರಿ ಇಳಿಸುವ ಜಾಗವನ್ನು ಮುಟ್ಟಬೇಕು, ಶಾಲೆ ಮತ್ತು ರಸ್ತೆಯ ಮೇಲೆ ಭಾರ ಹೊತ್ತು ಹಾಯಬಾರದು. ವಿಮಾನ ನಿಲ್ದಾಣದ ಸುತ್ತ ಎತ್ತರಕ್ಕೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕು. ಕಾರ್ಮಿಕರ ವಸತಿ, ಕುಡಿಯುವ ನೀರು, ಶೌಚಾಲಯಗಳಿಗೆ ಜಾಗವನ್ನು ಮೊದಲ ನಕ್ಷೆಯಲ್ಲೇ ಕಾದಿರಿಸಬೇಕು.

ಈ ಅಂಶಗಳೆಲ್ಲ ಟೆಂಡರ್ ದಾಖಲೆಯಲ್ಲೇ ಇದ್ದರೆ ಗುತ್ತಿಗೆದಾರರು ನಿಜವಾದ ದರ ನಮೂದಿಸುತ್ತಾರೆ. ಇಲ್ಲದಿದ್ದರೆ ಅವು ಮುಂದೆ ಹೆಚ್ಚುವರಿ ಬಿಲ್ಲುಗಳಾಗಿ, ವ್ಯಾಜ್ಯಗಳಾಗಿ ಮಾಲೀಕರ ಬಾಗಿಲಿಗೇ ಬರುತ್ತವೆ. ಮಣ್ಣಿನ ವರದಿ ಕೈಗೆ ಬಾರದೆ, ಲಾರಿಯ ದಾರಿಯನ್ನು ಅಳೆದು ನೋಡದೆ ಯಾವ ವಾಣಿಜ್ಯ ಕಟ್ಟಡಕ್ಕೂ ಟೆಂಡರ್ ಕರೆಯಬಾರದು.