ಜೀವಕೋಶದ ನೀರಿನ ಲೆಕ್ಕ

1748ರಲ್ಲಿ ಫ್ರಾನ್ಸಿನ ಪಾದ್ರಿ ನೊಲೆ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟರು. ಕೆಲವೇ ಗಂಟೆಗಳಲ್ಲಿ ಪೊರೆ ಉಬ್ಬಿತು. ಸೂಜಿ ಚುಚ್ಚಿದರೆ ದ್ರವ ಚಿಮ್ಮಿತು. ಹೊರಗಿನ ನೀರು ಪೊರೆ ದಾಟಿ ಒಳಹೊಕ್ಕಿತ್ತು. ಸಸ್ಯ, ಪ್ರಾಣಿಗಳ ಒಡಲಲ್ಲೂ ನೀರು ಹೀಗೇ ಓಡಾಡುತ್ತದೆ ಎಂದು ವಿಜ್ಞಾನಿ ದ್ಯುತ್ರೊಶೆ ವಾದಿಸಿದ್ದು 1820ರ ದಶಕದಲ್ಲಿ. ಇದನ್ನೇ ಈಗ ಅಭಿಸರಣೆ ಎನ್ನುತ್ತೇವೆ.

ನೀರು ಎಷ್ಟು ಬಲದಿಂದ ನುಗ್ಗುತ್ತದೆ ಎಂದು ಅಳೆದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್. ಅವರು ಬಳಸಿದ್ದು ಸಣ್ಣ ರಂಧ್ರಗಳಿರುವ ಮಣ್ಣಿನ ಕುಡಿಕೆ. ಎರಡು ರಾಸಾಯನಿಕ ದ್ರಾವಣಗಳು ಅದರ ಗೋಡೆಯೊಳಗೇ ಸಂಧಿಸಿ ತೆಳುಪೊರೆ ಕಟ್ಟಿಕೊಳ್ಳುವಂತೆ ಮಾಡಿದರು; ಆ ಪೊರೆ ನೀರನ್ನು ಬಿಡುತ್ತಿತ್ತು, ಸಕ್ಕರೆಯನ್ನು ತಡೆಯುತ್ತಿತ್ತು. ಕುಡಿಕೆಗೆ ಸಕ್ಕರೆ ನೀರು ತುಂಬಿ, ಪಾದರಸದ ಕೊಳವೆ ಜೋಡಿಸಿ, ನೀರಿನಲ್ಲಿಟ್ಟರು. ಶೇ. 1ರಷ್ಟು ಸಕ್ಕರೆಯ ಒತ್ತಡವೇ ಪಾದರಸವನ್ನು ಅರ್ಧ ಮೀಟರಿಗೂ ಮೇಲೆ ತಳ್ಳುವಷ್ಟಿತ್ತು! ಸಕ್ಕರೆ ದುಪ್ಪಟ್ಟಾದರೆ ಒತ್ತಡವೂ ಹೆಚ್ಚುಕಡಿಮೆ ದುಪ್ಪಟ್ಟು. ಈ ಫಲಿತಾಂಶಗಳು ಪ್ರಕಟವಾದದ್ದು 1877ರಲ್ಲಿ. ಈ ಕ್ಷೇತ್ರ ಕುತೂಹಲದಿಂದ ವಿಜ್ಞಾನಕ್ಕೆ ದಾಟಿದ್ದು ಆ ಕುಡಿಕೆಯಿಂದಲೇ ಎನ್ನಬೇಕು.

ನೆದರ್ಲೆಂಡ್ಸಿನ ಹ್ಯೂಗೋ ಡಿ ವ್ರೀಸ್ ಈ ಅಂಕಿಗಳನ್ನು ರಸಾಯನವಿಜ್ಞಾನಿ ವಾಂಟ್ ಹಾಫ್ ಅವರ ಗಮನಕ್ಕೆ ತಂದರು. ದ್ರಾವಣದ ಒತ್ತಡ ಅನಿಲದ ನಿಯಮವನ್ನೇ ಅನುಸರಿಸುತ್ತದೆಂದು ವಾಂಟ್ ಹಾಫ್ ತೋರಿಸಿದರು. 1901ರ ಮೊದಲ ರಸಾಯನ ನೊಬೆಲ್ ಅವರಿಗೇ ಸಂದಿತು. ಅದೇ ದೇಶದ ಹ್ಯಾಂಬರ್ಗರ್ ರಕ್ತಕಣಗಳನ್ನು ಪರೀಕ್ಷಿಸಿದರು. ಉಪ್ಪು ತೀರಾ ಕಡಿಮೆಯಾದರೆ ಕಣ ನೀರು ಕುಡಿದು ಒಡೆಯುತ್ತದೆ, ಹೆಚ್ಚಾದರೆ ಸುಕ್ಕುತ್ತದೆ. ಆಸ್ಪತ್ರೆಯ ಸಲೈನ್ ಬಾಟಲಿಯ ಮೇಲಿನ ಶೇ. 0.9ರ ಹಿಂದೆ ಇರುವುದು ಈ ಲೆಕ್ಕವೇ.

ಆದರೂ ಒಂದು ಒಗಟು ಉಳಿದಿತ್ತು. ಕೊಬ್ಬಿನ ಕೋಶಪೊರೆಯಲ್ಲಿ ನೀರು ಇಷ್ಟು ಬೇಗ ನುಸುಳುವುದು ಹೇಗೆ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪೀಟರ್ ಆಗ್ರೆ ರಕ್ತಗುಂಪಿನ ಪ್ರೋಟೀನುಗಳನ್ನು ಬೇರ್ಪಡಿಸುವಾಗ ಅಪರಿಚಿತ ಪ್ರೋಟೀನೊಂದು ಜೊತೆಗೆ ಬಂತು. ಅದನ್ನು ತಯಾರಿಸುವ ಆರ್‌ಎನ್‌ಎಯನ್ನು ಅವರ ತಂಡ ಕಪ್ಪೆಯ ಮೊಟ್ಟೆಕೋಶಗಳಿಗೆ ಚುಚ್ಚಿ, ತೆಳು ದ್ರಾವಣಕ್ಕೆ ಹಾಕಿತು. ಆ ಮೊಟ್ಟೆಗಳು ನಿಮಿಷಗಳಲ್ಲೇ ಉಬ್ಬಿ ಒಡೆದವು. ಆರ್‌ಎನ್‌ಎ ಸಿಗದವು ಹಾಗೇ ಉಳಿದವು. 1992ರಲ್ಲಿ ವರದಿಯಾದ ಈ ಪ್ರಯೋಗದಿಂದ ನೀರಿನ ಬಾಗಿಲು ಸಿಕ್ಕಿತು. ಅದರ ಹೆಸರು ಅಕ್ವಾಪೋರಿನ್. 2003ರಲ್ಲಿ ಆಗ್ರೆ ಅವರಿಗೂ ನೊಬೆಲ್ ಬಂತು.

ಅಭಿಸರಣೆಯ ಅರಿವು ಅತಿ ಹೆಚ್ಚು ಜೀವ ಉಳಿಸಿದ್ದು ಓಆರ್‌ಎಸ್ ಎಂಬ ಗ್ಲೂಕೋಸ್-ಉಪ್ಪಿನ ದ್ರಾವಣದಿಂದ. ಕರುಳಿನಲ್ಲಿ ಗ್ಲೂಕೋಸ್ ಸೋಡಿಯಂ ಅನ್ನು ಜೊತೆಗೇ ಒಳಗೆಳೆದುಕೊಳ್ಳುತ್ತದೆ, ನೀರು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತಾ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಈ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಕುಡಿಸಿದರು. ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ಸಾಂದ್ರತೆಯ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಓಆರ್‌ಎಸ್‌ನ ಒಟ್ಟು ಸಾಂದ್ರತೆಯನ್ನು ಲೀಟರಿಗೆ 311ರಿಂದ 245 ಮಿಲಿಆಸ್ಮೋಲಿಗೆ ಇಳಿಸಲು ಶಿಫಾರಸು ಮಾಡಿದವು. ಇದರಿಂದ ಮಕ್ಕಳಲ್ಲಿ ಭೇದಿ, ವಾಂತಿ ಎರಡೂ ತಗ್ಗಿದವು. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಬೆರೆಸಿದರೆ ಈ ಲಾಭವೆಲ್ಲ ಹೋಗುತ್ತದೆ. ಗಟ್ಟಿ ದ್ರಾವಣ ಮಗುವಿನ ಮೈನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.