ಕಾರಂತರು ಮಾತು ಬಿಟ್ಟ ಎರಡು ಸಂದರ್ಭಗಳು

ಶಿವರಾಮ ಕಾರಂತರ ಹೆಸರನ್ನು ಎತ್ತಿದೊಡನೆ ನಮ್ಮ ಮನಸ್ಸು ಕಾದಂಬರಿಗಳತ್ತ ಹೊರಳುತ್ತದೆ. ಅದು ಸಹಜವೇ. ಆದರೆ ‘ಚೋಮನ ದುಡಿ’ ಅಚ್ಚಾಗುವುದಕ್ಕೆ ಎರಡು ಮೂರು ವರ್ಷ ಮೊದಲೇ ಪುತ್ತೂರಿನ ಈ ತರುಣ, ಕೈಯಲ್ಲಿ ತಿರುಗಿಸುವ ಕ್ಯಾಮರಾದ ಹಿಂದೆ ನಿಂತು ಎರಡು ಮೂಕಚಿತ್ರಗಳನ್ನು ತೆಗೆದಿದ್ದರೆಂಬ ಸಂಗತಿಯನ್ನು ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ‘ಡೊಮಿಂಗೊ’ 1930ರದು; ‘ಭೂತರಾಜ್ಯ’ 1931ರದು. ಆಗ ಕಾರಂತರಿಗೆ ಮೂವತ್ತು ತುಂಬಿರಲಿಲ್ಲ. ಇವನ್ನು ಹುಡುಗಾಟಿಕೆಯ ಹವ್ಯಾಸವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅವರ ಮುಂದಿನ ಅರುವತ್ತು ವರ್ಷಗಳ ಕಲಾಜೀವನದ ಒಂದು ದೊಡ್ಡ ಪ್ರಶ್ನೆ ಅಲ್ಲಿಯೇ ಮೊಳೆತದ್ದು: ತಾನು ಕಂಡುಂಡ ಬದುಕನ್ನು ತೋರಿಸುವುದಕ್ಕೆ ಮಾತು ಎಷ್ಟು ಬೇಕು?

ಆ ಕಾಲವನ್ನು ಸ್ವಲ್ಪ ನೆನೆಯಬೇಕು. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ಬಂದು ಹದಿನೇಳು ವರ್ಷಗಳಾಗಿದ್ದವು. ಮೈಸೂರು ಸೀಮೆಯಲ್ಲಿ ಮೋಹನ ಭವನಾನಿಯವರು ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂದು ಮೂಕಚಿತ್ರವಾಗಿಸುವಾಗ, ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಅದರಲ್ಲಿ ಪಾತ್ರ ವಹಿಸಿದ್ದರು. ಅವೆಲ್ಲ ಪುರಾಣದ, ಇಲ್ಲವೆ ಸಂಸ್ಕೃತ ನಾಟಕದ ವಸ್ತುಗಳು. ಕಾರಂತರು ‘ಡೊಮಿಂಗೊ’ಕ್ಕೆ ಆರಿಸಿಕೊಂಡದ್ದಾದರೋ ಅಸ್ಪೃಶ್ಯತೆಯ ವಸ್ತುವನ್ನು. 1921ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ತೊರೆದು, ಖಾದಿಯ ಗಂಟು ಹೊತ್ತು ಊರೂರು ಅಲೆದವರು ಅವರು. ಆ ಅಲೆದಾಟದಲ್ಲಿ ಕಂಡದ್ದನ್ನು ಭಾಷಣವಾಗಿಸಿದರೆ ಕೇಳುವವರು ಕೇಳಿ ಎದ್ದು ಹೋಗುತ್ತಾರೆ. ಕಣ್ಣಿಗೆ ಕಟ್ಟುವಂತೆ ತೋರಿಸಿದರೆ? ಈ ಆಸೆಯೇ ಅವರನ್ನು ಚಲನಚಿತ್ರಕ್ಕೆ ಎಳೆದಿರಬೇಕು.

ಪುತ್ತೂರಿನಲ್ಲಿ ಕುಳಿತು ಚಿತ್ರ ತೆಗೆಯುವುದೆಂದರೆ ಸಾಹಸವೇ ಸರಿ. ಮಂಗಳೂರಿಗೆ ರೈಲು 1907ರಲ್ಲಿಯೇ ಬಂದಿದ್ದರೂ ಅದು ಮಲಬಾರಿನ ದಾರಿ. ಪುತ್ತೂರಿಗೆ ಹಳಿ ಮುಟ್ಟಿದ್ದು 1970ರ ದಶಕದಲ್ಲಿ. ಇಂದು ಎಡಮಂಗಲ, ಕೋಡಿಂಬಾಳಗಳನ್ನು ದಾಟಿ ಘಟ್ಟವೇರುವ ರೈಲಿನಲ್ಲಿ ಕುಳಿತವರಿಗೆ ಆ ಕಾಲದ ದೂರಗಳ ಅಂದಾಜು ಸಿಗಲಾರದು. ದೀಪಗಳಿಲ್ಲದ ಕಡೆ ಸೂರ್ಯನ ಬೆಳಕೇ ದೀಪ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ನಾಲ್ಕು ತಿಂಗಳು ಕ್ಯಾಮರಾವನ್ನು ಹೊರಗೆ ತೆಗೆಯುವಂತಿಲ್ಲ. ಅಂದಿನ ಫಿಲ್ಮೋ, ಬೆಂಕಿಗೂ ತೇವಕ್ಕೂ ಸೆಕೆಗೂ ಬಲುಬೇಗ ಬಲಿಯಾಗುವ ನೈಟ್ರೇಟ್ ಸುರುಳಿ. ಭಾರತದಲ್ಲಿ ತಯಾರಾದ ಮೂಕಚಿತ್ರಗಳು 1300ಕ್ಕೂ ಹೆಚ್ಚು. ಅವುಗಳಲ್ಲಿ ಇಂದಿಗೆ ಉಳಿದು ಬಂದವು, ತುಂಡುಗಳನ್ನೂ ಸೇರಿಸಿ ಎಣಿಸಿದರೂ, ಕೆಲವು ಡಜನುಗಳನ್ನು ಮೀರವು.

ಪ್ರಕೃತಿಗಿಂತ ಕ್ರೂರವಾದದ್ದು ಕಾಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಮಾತನಾಡಿತು. 1934ರ ಮಾರ್ಚ್‌ನಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿಯೇ ಮಾತನಾಡಿ ಹಾಡಿತು. ತೆರೆಯ ಮೇಲಿನ ಮನುಷ್ಯ ಹಾಡುತ್ತಾನೆಂದ ಮೇಲೆ ಮೌನವಾದ ಚಿತ್ರಕ್ಕೆ ಯಾರು ಕಾಸು ಕೊಟ್ಟಾರು? ಕಾರಂತರು ಮೂಕಚಿತ್ರದ ಬಾಗಿಲನ್ನು ತಟ್ಟುತ್ತಿದ್ದಾಗಲೇ ಆ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದರು.

ಆಮೇಲೆ 1933ರಲ್ಲಿ ‘ಚೋಮನ ದುಡಿ’ ಬಂತು. ಅದೇ ಅಸ್ಪೃಶ್ಯತೆ, ಅದೇ ಊರು, ಅದೇ ಮಣ್ಣು. ಆದರೆ ಈ ಕೃತಿಯ ಜೀವವಿರುವುದು ಒಂದು ನಾದದಲ್ಲಿ ಎಂಬುದನ್ನು ಗಮನಿಸಬೇಕು. ಚೋಮ ತನ್ನ ಸಿಟ್ಟನ್ನು, ಹಂಬಲವನ್ನು ಮಾತಿನಲ್ಲಿ ಆಡಲಾರ. ದುಡಿಯ ಮೇಲೆ ಬಾರಿಸುತ್ತಾನೆ. ಮೂಕಚಿತ್ರಕ್ಕೆ ಎಟುಕದಿದ್ದದ್ದು ನಿಖರವಾಗಿ ಇದೇ. ಕೈ ಎದ್ದು ಚರ್ಮದ ಮೇಲೆ ಬೀಳುವುದನ್ನು ಅದು ತೋರಿಸಬಲ್ಲದು, ಸದ್ದನ್ನು ಕೊಡಲಾರದು. ಕ್ಯಾಮರಾ ಕೊಡಲಾರದ ಸದ್ದನ್ನು ಲೇಖನಿ ಕೊಟ್ಟಿತು. ‘ಡೊಮಿಂಗೊ’ದ ಸೋಲಿಲ್ಲದಿದ್ದರೆ ಆ ದುಡಿ ಇಷ್ಟು ಗಟ್ಟಿಯಾಗಿ ಕೇಳಿಸುತ್ತಿತ್ತೆ ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. 1975ರಲ್ಲಿ ಬಿ. ವಿ. ಕಾರಂತರು ಆ ಕಾದಂಬರಿಯನ್ನು ಚಿತ್ರವಾಗಿಸಿದಾಗ ದುಡಿಗೆ ನಿಜವಾದ ದನಿಯೂ ಬಂತು, ಚೋಮನಾದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿಯೂ ಬಂತು, ಚಿತ್ರಕ್ಕೆ ಸ್ವರ್ಣಕಮಲವೂ ದಕ್ಕಿತು.

ಮೂಕಚಿತ್ರದಲ್ಲಿ ಮಾತಿಲ್ಲದಿದ್ದದ್ದು ಯಂತ್ರದ ಕೊರತೆಯಿಂದ. ಆದರೆ ಎರಡನೆಯ ಬಾರಿ ಕಾರಂತರು ಮಾತನ್ನು ತಾವಾಗಿಯೇ, ಬುದ್ಧಿಪೂರ್ವಕವಾಗಿ ಬಿಟ್ಟರು. ಅದು ಯಕ್ಷಗಾನದಲ್ಲಿ. ಪುತ್ತೂರಿಗೆ ಬಂದಂದಿನಿಂದ ಅವರು ರಂಗದ ನಂಟನ್ನು ಬಿಟ್ಟವರಲ್ಲ. ಮೊಳಹಳ್ಳಿ ಶಿವರಾಯರ ನೇತೃತ್ವದ ದಸರಾ ನಾಡಹಬ್ಬದಲ್ಲಿ ಅವರು ನಾಟಕವಾಡಿಸಿದರು, ‘ಕಿಸಾಗೋತಮಿ’ಯಂಥ ಗೀತನಾಟಕಗಳನ್ನು ಬರೆದರು, ಪರ್ಲಡ್ಕದ ಬಾಲವನದಲ್ಲಿ ಮಕ್ಕಳನ್ನು ಕುಣಿಸಿದರು, ತಾವೂ ಕುಣಿದರು. ಬ್ರಾಹ್ಮಣರ ಮನೆಯ ವಿದ್ಯಾವಂತ ಗೆಜ್ಜೆ ಕಟ್ಟಿ ಕುಣಿಯುವುದೆಂದರೆ ಆ ಕಾಲದ ಮರ್ಯಾದಸ್ಥರಿಗೆ ನುಂಗಲಾರದ ತುತ್ತು. 1936ರಲ್ಲಿ ಲೀಲಾ ಆಳ್ವರನ್ನು ಜಾತಿಯ ಗೆರೆ ದಾಟಿ ವರಿಸಿದ ಮೇಲಂತೂ ಅವರ ಬದುಕೇ ಊರಿನ ಕಣ್ಣಿಗೆ ಒಂದು ಪ್ರಯೋಗವಾಗಿ ನಿಂತಿತು. 1948ರ ಆತ್ಮಕಥೆಗೆ ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

‘ಯಕ್ಷಗಾನ ಬಯಲಾಟ’ವೆಂಬ ಅವರ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವಿದ್ವಾಂಸರಾಗಿ ಯಕ್ಷಗಾನದ ಹಳೆಯ ರಾಗಗಳನ್ನು, ಮುಂಡಾಸುಗಳನ್ನು, ಬಣ್ಣಗಾರಿಕೆಯನ್ನು ಹುಡುಕಿ ದಾಖಲಿಸಿದವರೇ, ಕಲಾವಿದರಾಗಿ ಅದರ ಅರ್ಥಗಾರಿಕೆಯನ್ನು ತೆಗೆದುಹಾಕಿದರು. ಅವರ ಯಕ್ಷಗಾನ ಬ್ಯಾಲೆಯಲ್ಲಿ ಪಾತ್ರಗಳು ಮಾತನಾಡುವುದಿಲ್ಲ. ಭಾಗವತರ ಹಾಡಿಗೆ ಹೆಜ್ಜೆಯಿಂದ, ಕಣ್ಣಿನಿಂದ, ಕೈಯಿಂದ ಉತ್ತರ ಕೊಡುತ್ತವೆ. ಚೆಂಡೆ ಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನುಗಳೂ ಸೇರಿದವು. ಇದಕ್ಕೆ ಎದ್ದ ಆಕ್ಷೇಪವನ್ನು ಕೇವಲ ಮಡಿವಂತಿಕೆಯೆಂದು ನಾನು ಭಾವಿಸುವುದಿಲ್ಲ. ಪುತ್ತೂರು, ಸುಳ್ಯ, ಕಡಬಗಳು ತೆಂಕುತಿಟ್ಟಿನ ನಾಡು, ತಾಳಮದ್ದಳೆಯ ನಾಡು. ವೇಷವಿಲ್ಲ, ಕುಣಿತವಿಲ್ಲ, ಬರಿಯ ಮಾತಿನಿಂದ ಕರ್ಣನನ್ನು ಎದುರಿಗೆ ತಂದು ನಿಲ್ಲಿಸುವ ಮಂದಿ ಇಲ್ಲಿಯವರು. ಬಡಗುತಿಟ್ಟಿನ ಕೋಟದಿಂದ ಬಂದವರೊಬ್ಬರು ಮಾತೇ ಬೇಡವೆಂದಾಗ ಅವರಿಗೆ ನೋವಾದದ್ದರಲ್ಲಿ ಅರ್ಥವಿದೆ. ಆಶುವಾಗಿ ಹುಟ್ಟುವ ವಾದವಿವಾದ ಹೋದರೆ ಒಂದು ದೊಡ್ಡ ಸಂಪತ್ತೇ ಹೋಯಿತು. ಅದೇ ಕಾಲಕ್ಕೆ, ಕನ್ನಡ ತಿಳಿಯದ ನಾಡುಗಳ ಜನ ಈ ಕಲೆಯ ಮುಂದೆ ಕಣ್ಣರಳಿಸಿ ಕುಳಿತದ್ದೂ ಈ ಮೌನದಿಂದಲೇ. ಎರಡೂ ಸತ್ಯ.

ಈಚಿನ ದಶಕಗಳಲ್ಲಿ ನಮ್ಮ ಕಲಾವಿದರು ಸ್ವಂತ ಅನುಭವವನ್ನು ಚಲಿಸುವ ಚಿತ್ರವಾಗಿ, ದೇಹದ ಪ್ರದರ್ಶನವಾಗಿ, ವಸ್ತುಗಳ ಪ್ರತಿಷ್ಠಾಪನೆಯಾಗಿ ಮುಂದಿಡುತ್ತಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರು ಸಗಣಿಯನ್ನು, ಕುಂಕುಮ ಬಳಿದ ದಾರವನ್ನು, ಸೂಜಿಗಳನ್ನು ಕಲೆಯ ಸಾಮಗ್ರಿಯಾಗಿ ಮಾಡಿಕೊಂಡದ್ದು ಜಗತ್ತಿಗೆ ತಿಳಿದದ್ದೇ. ಇದಕ್ಕೆಲ್ಲ ಈಗ ಹೆಸರುಗಳಿವೆ, ಗ್ಯಾಲರಿಗಳಿವೆ. ಪುತ್ತೂರಿನ ಪ್ರಯೋಗಕ್ಕೆ ಅಂದು ಹೆಸರಿರಲಿಲ್ಲ, ಇದ್ದದ್ದು ನಗೆಚಾಟಿಕೆ.

ಒಂದು ಪ್ರಶ್ನೆ ಮಾತ್ರ ಕಾರಂತರನ್ನು ಕೊನೆಯವರೆಗೂ ಬಿಟ್ಟಂತಿಲ್ಲ: ಸ್ವಂತ ಅನುಭವವೆನ್ನುವಾಗ ಅದು ಯಾರ ಅನುಭವ? 1943ರ ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯದ ಸೀಮೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕನಿಗೆ ಅವರು ಶಿವರಾಮಯ್ಯನೆಂದೇ ಹೆಸರಿಟ್ಟರು. ದೇರಣ್ಣ, ಬಟ್ಯರು ಅವನನ್ನು ಗೋಪಾಲಯ್ಯನ ಮನೆಗೆ ತಲುಪಿಸುತ್ತಾರೆ. ಅಲ್ಲಿ ಲೇಖಕ ಅತಿಥಿ. ತಾನು ನೋಡಲು ಬಂದವನೆಂಬುದನ್ನು ಮರೆಮಾಚುವುದಿಲ್ಲ. ಅದೇ ಮಲೆಯ ಇನ್ನೊಂದು ಮುಖ ‘ಕುಡಿಯರ ಕೂಸು’. ಇಲ್ಲಿ ಅತಿಥಿಯೇ ಇಲ್ಲ. ಕುಡಿಯರ ಬದುಕಿನೊಳಗಿನಿಂದಲೇ ಕಥೆ ನಡೆಯುತ್ತದೆ. ಮೊದಲನೆಯದು ಹೆಚ್ಚು ಪ್ರಾಮಾಣಿಕ, ಎರಡನೆಯದು ಹೆಚ್ಚು ಧೈರ್ಯದ್ದು ಎಂಬುದು ನನ್ನ ಅಭಿಪ್ರಾಯ.

ಮೂಕಚಿತ್ರಗಳ ಕೈಸುಟ್ಟ ಅನುಭವವಾಗಿ ಸುಮಾರು ನಾಲ್ಕೂವರೆ ದಶಕಗಳು ಕಳೆದ ಮೇಲೆ, ಎಪ್ಪತ್ತೈದರ ಆಸುಪಾಸಿನಲ್ಲಿ, ಜ್ಞಾನಪೀಠದ ಮನ್ನಣೆ ಬಂದ ದಿನಗಳಲ್ಲಿ ಕಾರಂತರು ಮತ್ತೆ ಕ್ಯಾಮರಾದ ಬಳಿಗೆ ಹೋದರು. ‘ಕುಡಿಯರ ಕೂಸು’ವನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ತಾವೇ ನಿರ್ದೇಶಿಸಿದರು. ಆ ವಯಸ್ಸಿನಲ್ಲಿ ವಿಶ್ರಾಂತಿಯೂ ಸನ್ಮಾನಗಳೂ ಸಾಕಾಗುತ್ತಿದ್ದವು. ಅವರಿಗೆ ಅರ್ಧಕ್ಕೆ ನಿಂತ ಕೆಲಸ ನೆನಪಾಗಿರಬೇಕು. ಚಿತ್ರ ದೊಡ್ಡ ಸದ್ದು ಮಾಡಲಿಲ್ಲ. ಮಲೆಯ ಮಕ್ಕಳಾದರೋ ತಮ್ಮ ಕಲೆಗೆ ಯಾರನ್ನೂ ಕಾದು ಕುಳಿತವರಲ್ಲ. ಕುಕ್ಕೆಯ ಚಂಪಾಷಷ್ಠಿಗೆ ಬ್ರಹ್ಮರಥವನ್ನು ಹಗ್ಗವಿಲ್ಲದೆ, ಕಾಡಿನ ಬೆತ್ತದಿಂದಲೇ ಹೆಣೆದು ಕಟ್ಟುವವರು ಈ ಮಲೆಕುಡಿಯರು. ಉತ್ಸವಕ್ಕೆ ಮುಂಚೆ ಮಲೆ ಹತ್ತಿ ಬೆತ್ತ ಕಡಿದು ಇಳಿಸಿ ತರುವುದೂ ಅವರದೇ ಕೆಲಸ.